ಪ್ರೊಜೆಕ್ಟರ್ ದೀಪ

ಪ್ರೊಜೆಕ್ಟರ್ ದೀಪ ಎಂಬುದು ಪರದೆಯ ಮೇಲೆ ಚಿತ್ರವನ್ನು ಮೂಡಿಸಲು ಬೇಕಾದ ಪ್ರಖರ ಬೆಳಕನ್ನು ಒದಗಿಸುವ, ಪ್ರೊಜೆಕ್ಟರಿನ ಮುಖ್ಯ ಭಾಗ. ಬಳಸಿದಂತೆಲ್ಲ ಇದರ ಬೆಳಕು ಕುಂದುವುದರಿಂದ ಕಾಲಕಾಲಕ್ಕೆ ಇದನ್ನು ಬದಲಾಯಿಸಬೇಕಾಗುತ್ತದೆ. ಹೊಂದದ ದೀಪವನ್ನು ಕೊಂಡರೆ ಹಣ ವ್ಯರ್ಥವಾಗುವುದಲ್ಲದೆ ಯಂತ್ರಕ್ಕೂ ಹಾನಿಯಾಗಬಹುದು.

ಹಿನ್ನೆಲೆ

ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಗೆ ಸಿನಿಮಾವನ್ನು ತಲುಪಿಸಿದ ಟೂರಿಂಗ್ ಟಾಕೀಸುಗಳಲ್ಲಿ ಕಾರ್ಬನ್ ಆರ್ಕ್ ದೀಪ ಬಳಕೆಯಲ್ಲಿತ್ತು. ಎರಡು ಇಂಗಾಲದ ಕಡ್ಡಿಗಳ ನಡುವಿನ ವಿದ್ಯುತ್ ಚಾಪವೇ ಅದರ ಬೆಳಕು. ಉರಿದಂತೆ ಕಡ್ಡಿಗಳು ಕಿರಿದಾಗುತ್ತಿದ್ದುದರಿಂದ ಅವುಗಳ ಅಂತರವನ್ನು ಕಾಯ್ದುಕೊಳ್ಳುವುದು ಆಪರೇಟರನ ಕೆಲಸವಾಗಿತ್ತು. ಮುಂದೆ ಚಿತ್ರಮಂದಿರಗಳಲ್ಲಿ ಕ್ಸೆನಾನ್ ದೀಪ ಆ ಸ್ಥಾನವನ್ನು ಪಡೆಯಿತು.

ವಿಧಗಳು

* ಹ್ಯಾಲೊಜೆನ್ ದೀಪ: ಶಾಲೆಗಳ ಓವರ್‌ಹೆಡ್ ಪ್ರೊಜೆಕ್ಟರ್ ಹಾಗೂ ಸ್ಲೈಡ್ ಪ್ರೊಜೆಕ್ಟರುಗಳಲ್ಲಿ ಬಳಸುವಂಥದು. 24 ವೋಲ್ಟ್, 250 ವಾಟ್ ಇದರ ಒಂದು ಸಾಮಾನ್ಯ ಪ್ರಮಾಣ.
* ಅಧಿಕ ಒತ್ತಡದ ಪಾದರಸ ದೀಪ: ಫಿಲಿಪ್ಸ್ ಸಂಸ್ಥೆ 1995ರಲ್ಲಿ ಪರಿಚಯಿಸಿದ ಈ ಬಗೆಯ ದೀಪ ಎಲ್‌ಸಿಡಿ ಮತ್ತು ಡಿಎಲ್‌ಪಿ ಪ್ರೊಜೆಕ್ಟರುಗಳಲ್ಲಿ ವ್ಯಾಪಕವಾಗಿದೆ. ಉರಿಯುವಾಗ ಒಳಗಿನ ಒತ್ತಡ ಸುಮಾರು 200 ವಾಯುಮಂಡಲಗಳಷ್ಟಿರುತ್ತದೆ. ಆಯುಷ್ಯ ಸಾಮಾನ್ಯವಾಗಿ 2,000ದಿಂದ 5,000 ಗಂಟೆ.
* ಎಲ್‌ಇಡಿ ಮತ್ತು ಲೇಸರ್: ಸುಮಾರು 20,000 ಗಂಟೆ ಬಾಳುವ ಬೆಳಕಿನ ಮೂಲಗಳು. ಇವನ್ನು ಬಳಕೆದಾರರೇ ಬದಲಾಯಿಸುವ ವ್ಯವಸ್ಥೆ ಸಾಮಾನ್ಯವಾಗಿ ಇರುವುದಿಲ್ಲ.

ಬದಲಿ ದೀಪದ ಆಯ್ಕೆ

ಚಿತ್ರ ಮಂಕಾದ ಮಾತ್ರಕ್ಕೆ ದೀಪವೇ ಕಾರಣವೆಂದು ತೀರ್ಮಾನಿಸಲಾಗದು. ಗಾಳಿಯ ಫಿಲ್ಟರಿನಲ್ಲಿ ಧೂಳು ತುಂಬಿದ್ದರೂ ಲೆನ್ಸ್ ಮಸುಕಾಗಿದ್ದರೂ ಇದೇ ಲಕ್ಷಣ ಕಾಣಬಹುದು. ಅವುಗಳನ್ನು ಶುಚಿಗೊಳಿಸಿ, ದೀಪ ಉರಿದ ಒಟ್ಟು ಗಂಟೆಗಳನ್ನು ಪ್ರೊಜೆಕ್ಟರಿನ ಮೆನುವಿನಲ್ಲಿ ನೋಡಿದ ಬಳಿಕವೇ ಹೊಸ ದೀಪವನ್ನು ಕೊಳ್ಳುವುದು ಉಚಿತ.

ಆಯ್ಕೆಗೆ ಆಧಾರ ದೀಪದ ಆಕಾರವಲ್ಲ, ಅದರ ಸಂಖ್ಯೆ. ಪ್ರೊಜೆಕ್ಟರಿನ ತಳಭಾಗದ ಚೀಟಿಯಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಆ ಮಾದರಿಗೆ ನಿಗದಿಯಾದ ದೀಪದ ಸಂಖ್ಯೆಯನ್ನು ಕೈಪಿಡಿ ತಿಳಿಸುತ್ತದೆ. ಉದಾಹರಣೆಗೆ, ಎಪ್ಸನ್ ಪ್ರೊಜೆಕ್ಟರುಗಳ ದೀಪಸಂಖ್ಯೆ 'ಇಎಲ್‌ಪಿಎಲ್‌ಪಿ' ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಹೆಚ್ಚು ಬೆಳಕಿನ ಆಸೆಯಿಂದ ಹೆಚ್ಚು ವಾಟಿನ ದೀಪವನ್ನು ಹಾಕುವುದು ಸಲ್ಲದು. ದೀಪಕ್ಕೆ ವಿದ್ಯುತ್ ನೀಡುವ ಬ್ಯಾಲಸ್ಟ್ ಹಾಗೂ ತಂಪು ಮಾಡುವ ಫ್ಯಾನ್ ನಿಗದಿತ ವಾಟಿಗೆ ತಕ್ಕಂತೆಯೇ ರೂಪುಗೊಂಡಿರುತ್ತವೆ.

ಚೌಕಟ್ಟಿನೊಡನೆ ಬರುವ ದೀಪವನ್ನು ಸ್ಕ್ರೂ ಬಿಚ್ಚಿ ಸುಲಭವಾಗಿ ಬದಲಾಯಿಸಬಹುದು. ಬಿಡಿ ಬಲ್ಬಿನ ಬೆಲೆ ಕಡಿಮೆಯಾದರೂ ಹಳೆಯ ಚೌಕಟ್ಟಿನಲ್ಲಿ ಅದನ್ನು ಕರಾರುವಾಕ್ಕಾಗಿ ಕೂರಿಸಲು ಅನುಭವ ಬೇಕು. ಹಳೆಯ ಯಂತ್ರವಾದರೆ ದೀಪದ ಬೆಲೆಯನ್ನು ಹೊಸ ಪ್ರೊಜೆಕ್ಟರಿನ ಬೆಲೆಯೊಡನೆ ಹೋಲಿಸಿ ನೋಡುವುದು ವಿವೇಕ.

ಅಳವಡಿಕೆ

ಪ್ಲಗ್ ತೆಗೆದು, ದೀಪ ಪೂರ್ತಿ ತಣ್ಣಗಾಗಲು ಸುಮಾರು ಒಂದು ಗಂಟೆ ಬಿಡಬೇಕು. ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಅತಿಯಾಗಿ ಕಾದು ಒಡೆಯಬಹುದು. ಹೊಸ ದೀಪವನ್ನು ಹಾಕಿದ ಮೇಲೆ ಗಂಟೆಗಳ ಎಣಿಕೆಯನ್ನು ಸೊನ್ನೆಗೆ ತರಬೇಕು.

ವಿದ್ಯುತ್ ವ್ಯತ್ಯಯ

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಆದರೂ ಅದೇ ತಾಲ್ಲೂಕಿನ ಕಿರುಗಾವಲಿನಂತಹ ಗ್ರಾಮೀಣ ಹೋಬಳಿ ಕೇಂದ್ರಗಳಲ್ಲಿ ಪ್ರೊಜೆಕ್ಟರ್ ಬಳಸುವವರು ಕರೆಂಟ್ ಹೋಗುವ ಸಂಭವವನ್ನು ಗಮನದಲ್ಲಿಡಬೇಕಾಗುತ್ತದೆ. ಉರಿಯುತ್ತಿರುವಾಗ ಕರೆಂಟ್ ಹೋದರೆ ಫ್ಯಾನ್ ಕೂಡ ನಿಲ್ಲುತ್ತದೆ. ಒಳಗೇ ಉಳಿದ ಬಿಸಿಯಿಂದ ದೀಪದ ಆಯುಷ್ಯ ಕುಂದುತ್ತದೆ. ಪ್ರೊಜೆಕ್ಟರನ್ನು ಯುಪಿಎಸ್ ಮೂಲಕ ಬಳಸಿದರೆ, ಕರೆಂಟ್ ಹೋದಾಗ ಕ್ರಮವಾಗಿ ಆರಿಸಿ ತಣಿಸಲು ಬೇಕಾದ ಕೆಲವು ನಿಮಿಷಗಳು ದೊರೆಯುತ್ತವೆ.

ವಿಲೇವಾರಿ

ಪಾದರಸ ದೀಪ ತರಗತಿಯಲ್ಲಿ ಒಡೆದರೆ ಮೊದಲು ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು. ಗಾಜಿನ ಚೂರುಗಳನ್ನು ಕೈಗವಸು ಧರಿಸಿ ಆಯ್ದು, ಮುಚ್ಚಳವುಳ್ಳ ಡಬ್ಬಿಯಲ್ಲಿ ಹಾಕಬೇಕು. ಪಾದರಸವುಳ್ಳ ದೀಪಗಳು ಭಾರತದ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವುದರಿಂದ ಹಳೆಯ ದೀಪವನ್ನು ತಿಪ್ಪೆಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ಒಪ್ಪಿಸಬೇಕು.