ಗುಜರಿ ಗಾಡಿಯಿಂದ ದಾಬಸ್‌ಪೇಟೆಗೆ: ಶೆಟ್ಟಿಹಳ್ಳಿ ಸೀಮೆಯಲ್ಲಿ ಇ-ತ್ಯಾಜ್ಯದ ದಾರಿ

ಬೆಂಗಳೂರಿನ ವಾಯವ್ಯ ಅಂಚಿನ ಶೆಟ್ಟಿಹಳ್ಳಿಯು ಜಾಲಹಳ್ಳಿ, ದಾಸರಹಳ್ಳಿಗಳ ನೆರೆಯ ಊರಾಗಿದ್ದು, 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದ ತರುವಾಯದ ವಿಂಗಡಣೆಯಲ್ಲಿ 12ನೇ ವಾರ್ಡ್ ಎನಿಸಿತು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಸ್ಥಾಪನೆಗೊಂಡು, ಆ ಬಳಿಕ ಪೀಣ್ಯದ ಸಣ್ಣ ಕಾರ್ಖಾನೆಗಳೂ ತಲೆಯೆತ್ತಿದ್ದರಿಂದ ಈ ಸೀಮೆಯು ಯಂತ್ರಗಳನ್ನೂ ವಿದ್ಯುನ್ಮಾನ ಸಾಧನಗಳನ್ನೂ ಹೊರಗೆ ಕಳಿಸುವ ನೆಲವಾಯಿತು. ಹೀಗೆ ಸರಕು ಹೊರಹೋಗುವ ದಾರಿ ಸುಸಜ್ಜಿತವಾಗಿದ್ದರೂ, ಕೆಟ್ಟ ಸಾಧನವು ಮನೆಯಿಂದ ಹಿಂದಿರುಗುವ ದಾರಿಯನ್ನು ದೀರ್ಘಕಾಲ ಯಾವ ಕಂಪನಿಯೂ ಯಾವ ಕಾನೂನೂ ರೂಪಿಸಲಿಲ್ಲ.

ಅದನ್ನು ರೂಪಿಸಿದವರು ಗುಜರಿಯವರು. ಬೀದಿ ಬೀದಿ ಸುತ್ತಿ, ತೂಕಕ್ಕೂ ಲೋಹಕ್ಕೂ ತಕ್ಕ ಬೆಲೆ ಕೊಟ್ಟು, ಒಂದೊಂದು ಮನೆಯ ಒಂದೊಂದು ರೇಡಿಯೊ, ಟಿ.ವಿ.ಗಳನ್ನು ಅಂಗಡಿಯಲ್ಲಿ ಗುಡ್ಡೆಹಾಕಿ, ಬಗೆಬಗೆಯಾಗಿ ಬೇರ್ಪಡಿಸಿ, ಗಾಡಿ ತುಂಬುವಷ್ಟಾದಾಗ ದೊಡ್ಡ ವ್ಯಾಪಾರಿಗೆ ದಾಟಿಸುವ ಅವರ ಕ್ರಮವು ಇಂದು ಹಿಮ್ಮುಖ ಸಾಗಣೆ, ಎಂದರೆ ಬಳಸಿದ ವಸ್ತುವನ್ನು ಬಳಕೆದಾರನಿಂದ ಮರುಬಳಕೆಯ ಕಡೆಗೆ ಒಯ್ಯುವ ವ್ಯವಸ್ಥೆ, ಎನಿಸಿಕೊಳ್ಳುವುದರ ಪಕ್ವ ರೂಪವೇ ಆಗಿತ್ತು. ಆದರೆ ಆ ಸರಪಳಿಯ ಕೊನೆಯಲ್ಲಿ, ಗೋರಿಪಾಳ್ಯದಂಥ ಕಡೆಗಳಲ್ಲಿ, ತಾಮ್ರಕ್ಕಾಗಿ ತಂತಿ ಸುಡುವ, ಚಿನ್ನಕ್ಕಾಗಿ ಸರ್ಕ್ಯೂಟ್ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವ ಕೆಲಸ ನಡೆಯುತ್ತಿದ್ದು, ಅದರ ಹೊಗೆಯನ್ನೂ ವಿಷವನ್ನೂ ಉಂಡವರು ಆ ಕೆಲಸಗಾರರೇ. ದೋಷವಿದ್ದದ್ದು ಸಂಗ್ರಹದಲ್ಲಲ್ಲ, ಸಂಗ್ರಹವಾದದ್ದು ತಲುಪಿದ ಜಾಗದಲ್ಲಿ.

2005ರಲ್ಲಿ ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ಇ-ಪರಿಸರ ಸಂಸ್ಥೆಯ ಘಟಕ ಆರಂಭವಾದಾಗ ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಸಂಸ್ಕರಣೆಗೆ ನೆಲೆ ದೊರೆಯಿತು. ಕಚೇರಿಗಳ ಕಂಪ್ಯೂಟರುಗಳು ಅಂಥ ಘಟಕಕ್ಕೆ ಲಾರಿಗಟ್ಟಲೆ ಹೋಗಬಲ್ಲವು. ಮನೆಯ ಒಂದು ಚಾರ್ಜರನ್ನು ಅಷ್ಟು ದೂರ ಒಯ್ದರೆ ಸಾಗಣೆಯ ವೆಚ್ಚವೇ ಅದರ ಲೋಹದ ಬೆಲೆಯನ್ನು ಮೀರುತ್ತದೆ. ಟೊಳ್ಳಾದ ಹಳೆಯ ಮಾನಿಟರು ತೂಕಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ, ಟ್ಯೂಬ್‌ಲೈಟ್ ಒಡೆದರೆ ಪಾದರಸ ಹೊರಬರುವುದರಿಂದ, ಹತ್ತಿರದ ಸಂಗ್ರಹ ಕೇಂದ್ರ, ಎಚ್ಚರದ ಜೋಡಣೆ, ಹೊಸ ಫ್ರಿಜ್ ಇಳಿಸಿ ಬರಿದಾಗಿ ಮರಳುವ ವಾಹನದಲ್ಲೇ ಹಳೆಯದನ್ನು ಏರಿಸುವ ಯೋಜನೆ, ಇವು ಸಂಸ್ಕರಣೆಯಷ್ಟೇ ಮುಖ್ಯವಾಗುತ್ತವೆ.

2012ರ ಮೇ 1ರಂದು ಜಾರಿಗೆ ಬಂದ ನಿಯಮಗಳು ಸಂಗ್ರಹದ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿ, ದಾಸ್ತಾನನ್ನು 180 ದಿನಗಳಿಗೆ ಸೀಮಿತಗೊಳಿಸಿದರೂ ಇಂತಿಷ್ಟು ಸಂಗ್ರಹಿಸಬೇಕೆಂದು ಹೇಳಲಿಲ್ಲ. ಗುರಿಗಳನ್ನು 2016ರ ನಿಯಮಗಳು ತಂದವು. ಆದರೆ 2018ರ ತಿದ್ದುಪಡಿಯು ಮೊದಲ ವರ್ಷದ ಗುರಿಯನ್ನು ಶೇ 10ಕ್ಕೆ ಇಳಿಸಿತು. ಸಾಗಿಸುವ ವಾಹನದಲ್ಲಿ ಕಳಿಸಿದವರ ವಿವರಪತ್ರ ಇರಬೇಕೆಂಬ ಕಟ್ಟಳೆಯು ಸರಕು ನಡುದಾರಿಯಲ್ಲಿ ಗುಜರಿಗೆ ಜಾರದಂತೆ ತಡೆಯುವ ಉಪಾಯವಾಗಿತ್ತು. 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳಲ್ಲಿ ಉತ್ಪಾದಕರು ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡು ಹೊಣೆ ತೀರಿಸುತ್ತಾರೆ. ಸಂಗ್ರಹ ಕೇಂದ್ರಗಳಿಗೆ ನೋಂದಣಿಯ ವರ್ಗವೇ ಉಳಿದಿಲ್ಲ. ಲೆಕ್ಕವು ಘಟಕದ ತಕ್ಕಡಿಯಲ್ಲಿ ಆರಂಭವಾಗುತ್ತದೆ. ಮನೆಬಾಗಿಲಿನಿಂದ ಮೊದಲ ಗೋದಾಮಿನವರೆಗಿನ ದಾರಿ ಮಾತ್ರ ಇಂದಿಗೂ ಬಹುಮಟ್ಟಿಗೆ ಗುಜರಿಯವರ ಗಾಡಿಯಲ್ಲೇ ಸಾಗುತ್ತಿದೆ.