ಚರ್ಮದ ಲಿಂಫೋಮಾ: ಹೊಸ ಔಷಧಗಳ ಪ್ರಯೋಗ ಹೇಳುವುದೇನು?

ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ಚರ್ಮದಲ್ಲಿ ಅಂಕೆಮೀರಿ ಬೆಳೆಯುವ ವಿರಳ ಕ್ಯಾನ್ಸರ್‌ಗೆ ಚರ್ಮದ ಟಿ-ಕೋಶ ಲಿಂಫೋಮಾ ಎಂದು ಹೆಸರು. ಇದರಲ್ಲಿ ಹೆಚ್ಚಾಗಿ ಕಂಡುಬರುವ ಬಗೆ ಮೈಕೋಸಿಸ್ ಫಂಗಾಯ್ಡಿಸ್. ಹೆಸರಿನಲ್ಲಿ ಶಿಲೀಂಧ್ರದ ಸುಳಿವಿದ್ದರೂ ಇದು ಶಿಲೀಂಧ್ರದ ಸೋಂಕಲ್ಲ, ಅಂಟುರೋಗವೂ ಅಲ್ಲ. ಆರಂಭದಲ್ಲಿ ಇಸುಬು ಅಥವಾ ಸೋರಿಯಾಸಿಸ್‌ನಂತೆ ತೋರುವುದರಿಂದ ಪತ್ತೆಗೆ ವರ್ಷಗಳೇ ಹಿಡಿಯುವುದುಂಟು.

ರೋಗಿಗಳು ವಿರಳವಾದ್ದರಿಂದ ಔಷಧ ಪ್ರಯೋಗಕ್ಕೆ ಹಲವು ದೇಶಗಳು ಕೈಜೋಡಿಸಬೇಕಾಗುತ್ತದೆ. 13 ದೇಶಗಳಲ್ಲಿ ನಡೆದ 'ಅಲ್ಕಾಂಜಾ' ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಬ್ರೆಂಟುಕ್ಸಿಮಾಬ್ ವೆಡೋಟಿನ್ ಪಡೆದವರಲ್ಲಿ ಶೇ 56.3ರಷ್ಟು ಮಂದಿಗೆ ಕನಿಷ್ಠ 4 ತಿಂಗಳು ಉಳಿಯುವಂತಹ ಗುಣ ಕಂಡಿತು. ಹಳೆಯ ಔಷಧಗಳನ್ನು ಪಡೆದವರಲ್ಲಿ ಈ ಪ್ರಮಾಣ ಶೇ 12.5 ಮಾತ್ರ. ಆದರೆ ಹೊಸ ಔಷಧ ಪಡೆದ ಬಹುಪಾಲು ಮಂದಿಯಲ್ಲಿ ನರದೌರ್ಬಲ್ಯ ಕಾಣಿಸಿಕೊಂಡಿತು.

ಈ ಮೊದಲೇ ಬೇರೆ ಚಿಕಿತ್ಸೆ ಪಡೆದು ಫಲ ಕಾಣದಿದ್ದ 372 ರೋಗಿಗಳು 'ಮ್ಯಾವೊರಿಕ್' ಪ್ರಯೋಗದಲ್ಲಿ ಪಾಲ್ಗೊಂಡಿದ್ದರು. 2018ರ ಅದರ ವರದಿಯಂತೆ, ಮೊಗಾಮುಲಿಜುಮಾಬ್ ಪಡೆದ ಅರ್ಧದಷ್ಟು ಜನರಲ್ಲಿ ರೋಗ 7.7 ತಿಂಗಳು ಉಲ್ಬಣಿಸಲಿಲ್ಲ; ವೊರಿನೊಸ್ಟಾಟ್ ಪಡೆದವರಲ್ಲಿ ಈ ಅವಧಿ 3.1 ತಿಂಗಳು.

ಇವೆರಡೂ ರೋಗವನ್ನು ಬೇರುಸಹಿತ ಕೀಳುವ ಔಷಧಗಳಲ್ಲ. ರೋಗಿಗೆ ನೆಮ್ಮದಿಯ ಕೆಲವು ತಿಂಗಳುಗಳನ್ನು ಗಳಿಸಿಕೊಡುವಂಥವು. ಪ್ರಯೋಗಕ್ಕೆ ಒಪ್ಪಿಗೆ ನೀಡುವ ಮುನ್ನ ಎಷ್ಟು ಮಂದಿಗೆ ಗುಣವಾಯಿತು ಎಂಬುದರ ಜತೆಗೆ ಆ ಗುಣ ಎಷ್ಟು ಕಾಲ ಉಳಿಯಿತು, ಅಡ್ಡಪರಿಣಾಮಗಳೇನು ಎಂಬುದನ್ನೂ ವೈದ್ಯರಿಂದ ಕೇಳಿ ತಿಳಿಯುವುದು ಒಳಿತು.