ಹಳದಿ ಗೆರೆಗಳ ನಡುವೆ

ಭಿವಂಡಿಯ ಗೋದಾಮೊಂದಕ್ಕೆ ಕಚೇರಿಯ ಕೆಲಸದ ಮೇಲೆ ಹೋಗಿದ್ದಾಗ ನೆಲಕ್ಕೆ ಬಳಿದಿದ್ದ ಎರಡು ಹಳದಿ ಗೆರೆಗಳನ್ನು ಕಂಡೆ. ನಡುವೆ, ನಡೆಯುವ ಮನುಷ್ಯನ ಚಿತ್ರ. ಆ ಚಿತ್ರದ ಮೇಲೆಯೇ ರಟ್ಟಿನ ಪೆಟ್ಟಿಗೆಗಳನ್ನು ಎದೆಯೆತ್ತರಕ್ಕೆ ಪೇರಿಸಿದ್ದರು. ಹೀಗಾಗಿ ಎಲ್ಲರೂ ಫೋರ್ಕ್‌ಲಿಫ್ಟ್ ಓಡುವ ದಾರಿಯಲ್ಲೇ ನಡೆಯುತ್ತಿದ್ದರು, ನಾನೂ ನಡೆದೆ. ಹಿಂದಿನಿಂದ ಹಾರನ್ ಕೇಳಿ ಪಕ್ಕಕ್ಕೆ ಹಾರಿದಾಗ ಚಾಲಕ ಮುಖ ಸಿಂಡರಿಸಿದ. ಅವನ ಲೆಕ್ಕದಲ್ಲಿ ಅಡ್ಡ ಬಂದವನು ನಾನು.

ಯಾರು ಯಾರಿಗೆ ದಾರಿ ಬಿಡಬೇಕೆಂಬ ಈ ತಕರಾರು ಹಳೆಯದು. ಬ್ರಿಟನ್ನಿನ 1865ರ ಕಾಯಿದೆಯೊಂದು, ರಸ್ತೆಯ ಮೇಲಿನ ಉಗಿಯಂತ್ರಕ್ಕೆ 60 ಗಜ ಮುಂದೆ ಕೆಂಪು ಬಾವುಟ ಹಿಡಿದ ಆಳೊಬ್ಬ ನಡೆಯಬೇಕೆಂದು ವಿಧಿಸಿತ್ತು. ಊರೊಳಗೆ ವೇಗ ಗಂಟೆಗೆ 2 ಮೈಲಿ. ಇಂದು ಓದಿದರೆ ನಗು ಬರುತ್ತದೆ. ಆದರೆ ಅಲ್ಲಿ ಯಂತ್ರವು ಮನುಷ್ಯನ ಹೆಜ್ಜೆಗೆ ಹೊಂದಿಕೊಳ್ಳಬೇಕಿತ್ತು.

ಕಾರ್ಖಾನೆಯೊಳಗೆ ಅಂಥ ಬಾವುಟವಿರಲಿಲ್ಲ. 1917ರಲ್ಲಿ ಅಮೆರಿಕದ ಮಿಚಿಗನ್ ರಾಜ್ಯದ ಬುಕ್ಯಾನನ್ ಊರಿನಲ್ಲಿ ಕ್ಲಾರ್ಕ್ ಕಂಪನಿ ತನ್ನದೇ ವಿಭಾಗಗಳ ನಡುವೆ ಸಾಮಾನು ಸಾಗಿಸಲು 'ಟ್ರಕ್‌ಟ್ರಾಕ್ಟರ್' ಎಂಬ ಬಂಡಿ ಮಾಡಿಕೊಂಡಿತು. ನೋಡಲು ಬಂದವರು ನಮಗೂ ಬೇಕೆಂದರು. ಮುಂದೆ ಅದಕ್ಕೆ ಎತ್ತುವ ಕವಲುಗಳು ಬಂದವು. ಎರಡನೆಯ ಮಹಾಯುದ್ಧದ ಸೇನಾ ಉಗ್ರಾಣಗಳು ಅದನ್ನೂ ಅದರ ಜೋಡಿಯಾದ ಮರದ ಪ್ಯಾಲೆಟ್ಟನ್ನೂ ಲೋಕಕ್ಕೆಲ್ಲ ಪರಿಚಯಿಸಿದವು.

ಈ ಯಂತ್ರದ ಅಪಾಯ ಅದರ ವೇಗದಲ್ಲಿಲ್ಲ, ರಚನೆಯಲ್ಲಿದೆ. ಎರಡೂವರೆ ಟನ್ ಎತ್ತುವ ಬಂಡಿಯ ಸ್ವಂತ ತೂಕವೇ ಸುಮಾರು 4 ಟನ್. ಮುಂದಿನ ಹೊರೆಗೆ ಸಮತೋಲವಾಗಿ ಹಿಂಬದಿಯಲ್ಲಿ ಕಬ್ಬಿಣ ತುಂಬಿರುತ್ತದೆ. ತಿರುಗುವುದು ಹಿಂದಿನ ಚಕ್ರಗಳು. ಆದ್ದರಿಂದ ಮುಂಭಾಗ ಎಡಕ್ಕೆ ಹೊರಳಿದರೆ ಬಾಲ ಬಲಕ್ಕೆ ಬೀಸುತ್ತದೆ. ಕಾರು ಕಂಡ ಕಣ್ಣಿಗೆ ಅದು ನಿರೀಕ್ಷಿತವಲ್ಲ. ಹೊರೆ ಎತ್ತರವಾದರೆ ಚಾಲಕನಿಗೆ ಎದುರಿನವನು ಕಾಣುವುದೇ ಇಲ್ಲ. ಅದಕ್ಕೇ ಅಮೆರಿಕದ ನಿಯಮ, ಅಂಥ ಹೊರೆಯನ್ನು ಹಿಂದಿಟ್ಟುಕೊಂಡು ಬಂಡಿಯನ್ನು ಹಿಮ್ಮುಖವಾಗಿ ಓಡಿಸಬೇಕೆನ್ನುತ್ತದೆ.

1980ರಿಂದ 1994ರವರೆಗೆ ಆ ದೇಶದಲ್ಲಿ ಫೋರ್ಕ್‌ಲಿಫ್ಟ್ ಸಂಬಂಧದ ಅವಘಡಗಳಲ್ಲಿ 1,021 ಕಾರ್ಮಿಕರು ಸತ್ತರು. ಬಂಡಿ ಮಗುಚಿ ಸತ್ತವರು ಶೇ. 22, ನಡೆಯುತ್ತಿದ್ದಾಗ ಬಂಡಿ ಬಡಿದು ಸತ್ತವರು ಶೇ. 20. ಎರಡನೆಯ ಗುಂಪಿನವರು ಯಂತ್ರವನ್ನು ಮುಟ್ಟಿದವರೂ ಅಲ್ಲ. 1998ರಲ್ಲಿ ಚಾಲಕರ ತರಬೇತಿಗೆ ವಿವರವಾದ ನಿಯಮ ಬಂದಾಗ, ಕಲಿಯಬೇಕಾದ ವಿಷಯಗಳ ಉದ್ದದ ಪಟ್ಟಿಯಲ್ಲಿ ಪಾದಚಾರಿಗಳ ಓಡಾಟಕ್ಕೆ ಒಂದು ಸಾಲು ಸಿಕ್ಕಿತು. ಇಂಗ್ಲಿಷಿನಲ್ಲಿ 'ಪೆಡೆಸ್ಟ್ರಿಯನ್' ಎಂದರೆ ನೀರಸ, ಸಾಮಾನ್ಯ ಎಂಬ ಅರ್ಥವೂ ಇದೆ. ಎಂ.ಎ. ತರಗತಿಯಲ್ಲಿ ಇದನ್ನು ಕೇವಲ ಶೈಲಿಯ ಮಾತೆಂದುಕೊಂಡಿದ್ದೆ.

ನಮ್ಮಲ್ಲಿ ನಡೆಯುವವನಿಗೆ ಹೆಸರಿದೆ: ಮುಂಬಯಿಯಲ್ಲಿ ಮಾಥಾಡಿ, ಹುಬ್ಬಳ್ಳಿಯಲ್ಲಿ ಹಮಾಲ. ಅಣ್ಣಾಸಾಹೇಬ್ ಪಾಟೀಲರ ಹೋರಾಟದ ಫಲವಾಗಿ 1969ರಲ್ಲಿ ಮಹಾರಾಷ್ಟ್ರ ಮಾಥಾಡಿ ಕಾಯಿದೆ ಬಂತು. ನೋಂದಣಿ, ಮಂಡಳಿ, ಭವಿಷ್ಯನಿಧಿಗಳು ದಕ್ಕಿದವು. ತಲೆಹೊರೆಯನ್ನು ಯಂತ್ರ ಇಳಿಸೀತೆಂದು ಎಣಿಸಿದವರಿದ್ದರು. ಹೊರೆ ಇಳಿದಲ್ಲೂ ಆಳು ಹೋಗಲಿಲ್ಲ; ಪ್ಯಾಲೆಟ್ ಕಟ್ಟಲು, ಬಿಚ್ಚಲು, ಎಣಿಸಲು, ಅದೇ ಯಂತ್ರದ ಮಗ್ಗುಲಲ್ಲಿ ಉಳಿದ.

ಹೊರಡುವಾಗ ಮೇಲ್ವಿಚಾರಕರಿಗೆ ಆ ಪೆಟ್ಟಿಗೆಗಳನ್ನು ತೋರಿಸಿದೆ. ಸೌಜನ್ಯದ ಮನುಷ್ಯ, ಚಹಾ ತರಿಸಿದ್ದರು. "ಆಡಿಟ್‌ಗೆ ಮುಂಚೆ ತೆಗೆಸುತ್ತೇವೆ, ಸಾಹೇಬರೇ" ಎಂದರು.